ಗಾಳಿಯಿಲ್ಲದ ಕಡಲಿನಲ್ಲಿ ಹುಟ್ಟಿದ ಪ್ರಾರ್ಥನೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ತಪ್ಪೊಪ್ಪಿಗೆಯೊಂದಿಗೆ ಈ ಬರಹವನ್ನು ಆರಂಭಿಸುತ್ತೇನೆ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿದ ಅಷ್ಟೂ ವರ್ಷ ನಾನು ನಿಮಗೊಂದು ತಪ್ಪು ಕಥೆಯನ್ನು ಹೇಳುತ್ತ ಬಂದೆ. ಬೇಕೆಂದು ಹೇಳಿದ್ದಲ್ಲ, ಸರಿಯೆಂದು ನಂಬಿಯೇ ಹೇಳಿದ್ದು. ಆದರೂ ತಪ್ಪು ತಪ್ಪೇ. ಮೇಷ್ಟ್ರು ತರಗತಿಯಲ್ಲಿ ಹೇಳಿದ ತಪ್ಪು ನಲವತ್ತು ಮಕ್ಕಳ ತಲೆಯಲ್ಲಿ ಕುಳಿತು ನಲವತ್ತು ಮನೆಗಳಿಗೆ ಹೋಗುತ್ತದೆ. ಆದ್ದರಿಂದ ತಿದ್ದುವ ಹೊಣೆಯೂ ನನ್ನದೇ.

ಬೆಳಗಿನ ಪ್ರಾರ್ಥನೆಯಲ್ಲಿ ನಾವು ಹಾಡುತ್ತಿದ್ದ 'ಕರುಣಾಳು ಬಾ ಬೆಳಕೆ' ನಿಮಗೆಲ್ಲ ನೆನಪಿರಲೇಬೇಕು. ಆಷಾಢದ ಮಳೆಯಲ್ಲಿ ಹೆಂಚಿನ ಮೇಲಿನ ಸದ್ದಿಗೆ ಹಾಡು ಕೇಳಿಸದೆ ಹೋಗುತ್ತಿತ್ತು. ಮುಂದಿನ ಸಾಲಿನವರು ಒಂದು ನುಡಿ ಮುಗಿಸುವಾಗ ಹಿಂದಿನ ಸಾಲಿನವರು ಇನ್ನೂ ಅರ್ಧದಲ್ಲಿರುತ್ತಿದ್ದರು. ಆ ಹಾಡಿನ ಬಗ್ಗೆ ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದ ಕಥೆ ಹೀಗಿತ್ತು: ಒಬ್ಬ ಇಂಗ್ಲಿಷ್ ಪಾದ್ರಿ ಹಡಗಿನಲ್ಲಿ ಬರುತ್ತಿದ್ದ, ಭಯಂಕರ ಬಿರುಗಾಳಿ ಎದ್ದಿತು, ಅಲೆಗಳು ಹಡಗನ್ನು ನುಂಗಲು ಬಂದವು, ಆಗ ಅವನು ದೇವರನ್ನು ನೆನೆದು ಈ ಹಾಡನ್ನು ಹಾಡಿದ, ಬಿರುಗಾಳಿ ನಿಂತಿತು. ಹೊರಗೆ ಮಳೆಗಾಲದ ಗುಡುಗು ಇರುತ್ತಿದ್ದುದರಿಂದ ಕಥೆಗೆ ಒಳ್ಳೆಯ ಹಿಮ್ಮೇಳವೂ ಸಿಗುತ್ತಿತ್ತು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಈ ಕಥೆಯನ್ನು ನನಗೆ ಯಾರು ಹೇಳಿದರೋ ಈಗ ನೆನಪಿಲ್ಲ. ಬಹುಶಃ ನನ್ನ ಮೇಷ್ಟ್ರೊಬ್ಬರೇ ಇರಬೇಕು.

ನಿವೃತ್ತಿಯ ನಂತರ ಬಿಡುವಾಗಿ ಓದಲು ಕುಳಿತಾಗ ಆ ಪಾದ್ರಿಯ ಆತ್ಮಕಥನವೇ ಕೈಗೆ ಸಿಕ್ಕಿತು. ಅದರಲ್ಲಿ ಬಿರುಗಾಳಿಯ ಸುಳಿವೇ ಇರಲಿಲ್ಲ. ಇದ್ದುದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಆ ಒಂದು ಪುಟವನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಮನುಷ್ಯನ ಪರಿಚಯವಾಗಲಿ.

ಜಾನ್ ಹೆನ್ರಿ ನ್ಯೂಮನ್ ಹುಟ್ಟಿದ್ದು 1801ರ ಫೆಬ್ರವರಿ 21ರಂದು, ಲಂಡನ್ನಿನಲ್ಲಿ. ತಂದೆ ಬ್ಯಾಂಕ್ ವ್ಯವಹಾರದವರು. 1816ರಲ್ಲಿ ಆ ಬ್ಯಾಂಕು ಮುಚ್ಚಿ ಮನೆತನ ಕಷ್ಟಕ್ಕೆ ಬಿದ್ದಿತು. ಹದಿನೈದರ ಹುಡುಗನ ಮನಸ್ಸು ಧರ್ಮದ ಕಡೆಗೆ ತಿರುಗಿದ್ದು ಅದೇ ವರ್ಷ. ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದರು. ಪದವಿ ಪರೀಕ್ಷೆಯಲ್ಲಿ ಅತಿಯಾದ ಶ್ರಮದಿಂದ ಬಳಲಿ ನಿರೀಕ್ಷೆಗಿಂತ ಬಹಳ ಕೆಳಗಿನ ದರ್ಜೆಯಲ್ಲಿ ತೇರ್ಗಡೆಯಾದರು. ಪರೀಕ್ಷೆಯಲ್ಲಿ ಸೋತ ಈ ಯುವಕನನ್ನೇ 1822ರಲ್ಲಿ ಓರಿಯಲ್ ಕಾಲೇಜು ತನ್ನ ಫೆಲೋ ಆಗಿ ಆರಿಸಿಕೊಂಡಿತು. 1825ರಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾಗಿ ದೀಕ್ಷೆ ಪಡೆದರು. 1828ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಮುಖ್ಯ ಪಾದ್ರಿಯಾದರು. ಅದೇ ವರ್ಷದ ಆರಂಭದಲ್ಲಿ ಅವರ ಪ್ರೀತಿಯ ತಂಗಿ ಮೇರಿ ತೀರಿಕೊಂಡಿದ್ದಳು.

1832ರ ಡಿಸೆಂಬರಿನಲ್ಲಿ ಗೆಳೆಯ ಹರೆಲ್ ಫ್ರೌಡ್ ಮತ್ತು ಗೆಳೆಯನ ತಂದೆಯೊಂದಿಗೆ ನ್ಯೂಮನ್ ಮೆಡಿಟರೇನಿಯನ್ ಯಾತ್ರೆಗೆ ಹೊರಟರು. ಫ್ರೌಡರಿಗೆ ಆರೋಗ್ಯ ಸರಿಯಿರಲಿಲ್ಲ, ಬಿಸಿಲಿನ ನಾಡಿನಲ್ಲಿ ಸುಧಾರಿಸಬಹುದೆಂಬ ಆಸೆ. ದಾರಿಯುದ್ದಕ್ಕೂ ನ್ಯೂಮನ್ ಚಿಕ್ಕ ಚಿಕ್ಕ ಪದ್ಯಗಳನ್ನು ಬರೆಯುತ್ತಿದ್ದರು. ರೋಮನ್ನು ನೋಡಿದ ಮೇಲೆ ಫ್ರೌಡ್ ತಂದೆ-ಮಗ ಊರಿನ ಕಡೆ ಹೊರಟರೆ, ನ್ಯೂಮನ್ ಮಾತ್ರ ಒಬ್ಬರೇ ಸಿಸಿಲಿ ದ್ವೀಪಕ್ಕೆ ಮರಳಿದರು. ಅಲ್ಲಿ 1833ರ ಮೇ ತಿಂಗಳಲ್ಲಿ ಭಾರಿ ಜ್ವರ ಹಿಡಿಯಿತು. ಭಾಷೆ ಬಾರದ ಬೆಟ್ಟದೂರಿನಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿದರು. ಜೊತೆಗಿದ್ದವನು ಒಬ್ಬ ಸೇವಕ ಮಾತ್ರ. ಅವರು ಬದುಕುವುದಿಲ್ಲವೆಂದೇ ಅವನು ಭಾವಿಸಿದ್ದ. ಜ್ವರ ಇಳಿದು ಹೊರಡುವ ದಿನ ಬಂದಾಗ ನ್ಯೂಮನ್ ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತರಂತೆ. ಏನಾಯಿತೆಂದು ಸೇವಕ ಕೇಳಿದರೆ, ಇಂಗ್ಲೆಂಡಿನಲ್ಲಿ ನನಗೊಂದು ಕೆಲಸವಿದೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಆ ಕೆಲಸ ಏನೆಂಬುದು ಅವರಿಗೇ ಸ್ಪಷ್ಟವಿರಲಿಲ್ಲ.

ಪಲೆರ್ಮೋ ಬಂದರಿಗೆ ಬಂದರೆ ಹಡಗಿಲ್ಲ. ಮೂರು ವಾರ ಕಾದರು. ಕೊನೆಗೆ ಕಿತ್ತಳೆಹಣ್ಣು ಹೇರಿಕೊಂಡು ಫ್ರಾನ್ಸಿನ ಮಾರ್ಸೇಲ್ಸಿಗೆ ಹೊರಟಿದ್ದ ಒಂದು ಹಾಯಿಹಡಗು ಸಿಕ್ಕಿತು. ಅದು ಕಾರ್ಸಿಕಾ ಮತ್ತು ಸಾರ್ಡೀನಿಯ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಗೆ ಬಂದಾಗ ಗಾಳಿ ನಿಂತುಹೋಯಿತು. ಹಾಯಿಗಳು ಜೋತುಬಿದ್ದವು. ಹಡಗು ಒಂದು ವಾರ ಇದ್ದಲ್ಲೇ ಇತ್ತು. 'ಕರುಣಾಳು ಬಾ ಬೆಳಕೆ'ಯ ಮೂಲ ಪದ್ಯ ಹುಟ್ಟಿದ್ದು ಆ ಪ್ರಯಾಣದಲ್ಲಿ, 1833ರ ಜೂನ್ 16ರಂದು. ಆಗ ನ್ಯೂಮನ್ನರಿಗೆ ಮೂವತ್ತೆರಡು ವರ್ಷ.

ನೋಡಿ, ಎಷ್ಟು ವ್ಯತ್ಯಾಸ! ಬಿರುಗಾಳಿಯಲ್ಲಿ ಸಿಕ್ಕವನಿಗೆ ಭಯವಿರುತ್ತದೆ. ಆದರೆ ಮಾಡಲು ಏನಾದರೂ ಇರುತ್ತದೆ: ಹಗ್ಗ ಹಿಡಿಯಬಹುದು, ನೀರು ಮೊಗೆಯಬಹುದು, ಕೂಗಬಹುದು. ಗಾಳಿ ನಿಂತ ಕಡಲಿನಲ್ಲಿ ಸಿಕ್ಕವನಿಗೆ ಮಾಡಲು ಏನೂ ಇಲ್ಲ. ಅಪಾಯವೂ ಇಲ್ಲ, ದಾರಿಯೂ ಇಲ್ಲ. ಮನೆಗೆ ಹೋಗುವ ತವಕ ಒಳಗೆ ಕುದಿಯುತ್ತಿದೆ, ಮೈಯಲ್ಲಿ ಕಸುವಿಲ್ಲ, ಹಡಗು ಅಲುಗುತ್ತಿಲ್ಲ. ಈ ಪದ್ಯವನ್ನು ಅಂಥವನ ಬಾಯಿಂದ ಬಂದದ್ದೆಂದು ತಿಳಿದು ಓದಿದರೆ ಅದರ ಬೇಡಿಕೆ ಎಷ್ಟು ಚಿಕ್ಕದೆಂಬುದು ಕಾಣುತ್ತದೆ. ದೂರದ ಗುರಿಯನ್ನು ತೋರಿಸೆಂದು ಅದು ಕೇಳುವುದಿಲ್ಲ. ಮುಂದಿನ ಒಂದು ಹೆಜ್ಜೆ ಇಡುವಷ್ಟು ಬೆಳಕು ಸಾಕೆನ್ನುತ್ತದೆ. ಹಿಂದೆ ತಾನೇ ದಾರಿ ಆರಿಸಿಕೊಳ್ಳಬೇಕೆಂಬ ಹಟ ತನಗಿತ್ತೆಂದು ಒಪ್ಪಿಕೊಳ್ಳುತ್ತದೆ. ಕತ್ತಲೆ ಕಳೆದ ಮೇಲೆ, ಎಂದೋ ಪ್ರೀತಿಸಿ ಕಳೆದುಕೊಂಡ ಮುಖಗಳು ಮತ್ತೆ ಕಾಣುತ್ತವೆಂಬ ಭರವಸೆಯಲ್ಲಿ ಮುಗಿಯುತ್ತದೆ.

ಪದ್ಯ 1834ರಲ್ಲಿ 'ಬ್ರಿಟಿಷ್ ಮ್ಯಾಗಝೀನ್' ಎಂಬ ಪತ್ರಿಕೆಯಲ್ಲಿಯೂ 1836ರಲ್ಲಿ 'ಲೈರಾ ಅಪೋಸ್ಟೋಲಿಕಾ' ಎಂಬ ಸಂಕಲನದಲ್ಲಿಯೂ ಪ್ರಕಟವಾಯಿತು. ಆ ಸಂಕಲನದಲ್ಲಿ ಕವಿಗಳ ಹೆಸರಿರಲಿಲ್ಲ, ಗ್ರೀಕ್ ಅಕ್ಷರಗಳ ಗುರುತು ಮಾತ್ರ ಇತ್ತು. ಮುಂದೆ 1868ರ ತಮ್ಮ ಕವಿತಾ ಸಂಗ್ರಹದಲ್ಲಿ ನ್ಯೂಮನ್ ಇದಕ್ಕೆ 'ಮೇಘಸ್ತಂಭ' ಎಂಬ ಅರ್ಥದ ಶೀರ್ಷಿಕೆಯನ್ನು ಇಟ್ಟರು. ಮರುಭೂಮಿಯಲ್ಲಿ ಇಸ್ರೇಲರ ಮುಂದೆ ಹಗಲು ಮೋಡದ ಕಂಬವಾಗಿ, ಇರುಳು ಬೆಂಕಿಯ ಕಂಬವಾಗಿ ದೇವರು ನಡೆದನೆಂಬ ಬೈಬಲ್ಲಿನ ಕಥೆಯ ನೆನಪು ಅದು. ಆದರೆ ಪದ್ಯದೊಳಗೆ ಕ್ರಿಸ್ತನ ಹೆಸರಿಲ್ಲ, ಶಿಲುಬೆಯ ಮಾತಿಲ್ಲ. ಇರುವುದು ಬೆಳಕು, ಕತ್ತಲೆ, ದಾರಿ, ನಡೆಯುವ ಮನುಷ್ಯ ಇಷ್ಟೇ. ಈ ಪದ್ಯ ಊರೂರು ಸುತ್ತಲು ಸಾಧ್ಯವಾದದ್ದು ಇದರಿಂದಲೇ ಎಂದು ನನಗೆ ತೋರುತ್ತದೆ.

ನ್ಯೂಮನ್ ಇಂಗ್ಲೆಂಡ್ ತಲುಪಿದ ಕೆಲವೇ ದಿನಗಳಲ್ಲಿ, 1833ರ ಜುಲೈ 14ರಂದು, ಅವರ ಸ್ನೇಹಿತ ಜಾನ್ ಕೀಬಲ್ ಮಾಡಿದ ಪ್ರವಚನದಿಂದ 'ಆಕ್ಸ್‌ಫರ್ಡ್ ಚಳವಳಿ' ಆರಂಭವಾಯಿತೆಂದು ಹೇಳುತ್ತಾರೆ. ಇಂಗ್ಲೆಂಡಿನ ಸಭೆ ತನ್ನ ಪ್ರಾಚೀನ ಬೇರುಗಳಿಗೆ ಮರಳಬೇಕೆಂಬ ಆ ಚಳವಳಿಯ ಮುಂದಾಳು ನ್ಯೂಮನ್ನರೇ. ಆದರೆ ಅವರು ಬೇಡಿದ ಬೆಳಕು ಅವರನ್ನು ಗೆಳೆಯರು ಬಯಸಿದ ಕಡೆಗೆ ನಡೆಸಲಿಲ್ಲ. ಹನ್ನೆರಡು ವರ್ಷಗಳ ತೊಳಲಾಟದ ನಂತರ 1845ರ ಅಕ್ಟೋಬರ್ 9ರಂದು ಅವರು ರೋಮನ್ ಕ್ಯಾಥೊಲಿಕ್ ಸಭೆಯನ್ನು ಸೇರಿದರು. ಆಕ್ಸ್‌ಫರ್ಡಿನ ಬಾಳು ಮುಗಿಯಿತು. ಹಳೆಯ ಸ್ನೇಹಗಳು ಎಷ್ಟೋ ಕಡಿದುಹೋದವು. ಹೊಸ ಮನೆಯಲ್ಲಿಯೂ ಬಹುಕಾಲ ಸಂಶಯದ ಕಣ್ಣುಗಳೇ. ಅವರ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದವರಿಗೆ ಉತ್ತರವಾಗಿ 1864ರಲ್ಲಿ ಬರೆದ ಆತ್ಮಕಥನ 'ಅಪಾಲಜಿಯ' ಅವರ ಗೌರವವನ್ನು ಮರಳಿ ತಂದಿತು. 1879ರಲ್ಲಿ ಅವರು ಕಾರ್ಡಿನಲ್ ಆದರು. 1890ರ ಆಗಸ್ಟ್ 11ರಂದು ತೀರಿಕೊಂಡರು. 2019ರಲ್ಲಿ ಕ್ಯಾಥೊಲಿಕ್ ಸಭೆ ಅವರನ್ನು ಸಂತರೆಂದು ಘೋಷಿಸಿತು.

ಧರ್ಮದ ಇತಿಹಾಸದಲ್ಲಿ ಇಷ್ಟು ದೊಡ್ಡವರಾದ ನ್ಯೂಮನ್, ಕವಿಯಾಗಿ ಮಾತ್ರ ಸಣ್ಣವರೇ. ಇಂಗ್ಲಿಷ್ ಸಾಹಿತ್ಯ ಚರಿತ್ರೆಗಳು ಅವರನ್ನು ಗದ್ಯದ ಗುರುವೆಂದು ಹೊಗಳಿ, ಪದ್ಯದ ವಿಷಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದೇ ರೂಢಿ. 1865ರಲ್ಲಿ ಬರೆದ 'ಡ್ರೀಮ್ ಆಫ್ ಜೆರಾಂಟಿಯಸ್' ಎಂಬ ದೀರ್ಘ ಕವನವನ್ನು ಜನ ಇಂದು ನೆನೆಯುವುದು ಬಹುಮಟ್ಟಿಗೆ 1900ರಲ್ಲಿ ಎಡ್ವರ್ಡ್ ಎಲ್ಗಾರ್ ಅದಕ್ಕೆ ಸಂಗೀತ ಸಂಯೋಜಿಸಿದ್ದರಿಂದ. ನಮ್ಮ ಪ್ರಾರ್ಥನೆಯ ಕಥೆಯೂ ಹಾಗೆಯೇ. 1865ರಲ್ಲಿ ಜಾನ್ ಡೈಕ್ಸ್ ಎಂಬ ಇನ್ನೊಬ್ಬ ಪಾದ್ರಿ ಅದಕ್ಕೊಂದು ರಾಗ ಹಾಕಿದರು. ಅಲ್ಲಿಂದ ಅದು ಮನೆಮಾತಾಯಿತು. ಯಾರೋ ಹೊಗಳಿದಾಗ ನ್ಯೂಮನ್, ಜನಕ್ಕೆ ಹಿಡಿಸಿದ್ದು ರಾಗ, ನನ್ನ ಪದ್ಯವಲ್ಲ ಎಂದರಂತೆ.

ಒಲಿದು ಬಂದ ಕೀರ್ತಿ ಕಿರುಕುಳವನ್ನೂ ತಂದಿತು. ಬಿಕರ್ಸ್ಟೆತ್ ಎಂಬ ಆಂಗ್ಲಿಕನ್ ಪಾದ್ರಿ ಪದ್ಯದ ಮೂರು ನುಡಿಗಳು ಸಾಲವೆಂದು ತಾವೇ ನಾಲ್ಕನೆಯದನ್ನು ಬರೆದು ಸೇರಿಸಿಬಿಟ್ಟರು. ನ್ಯೂಮನ್ನರಿಗೆ ಇದು ಸರಿಬರಲಿಲ್ಲ. ಕೊನೆಯ ಸಾಲುಗಳ ಮುಖಗಳು ಯಾರವು, ದೇವದೂತರವೋ ಅಗಲಿದ ಬಂಧುಗಳವೋ ಎಂದು ಓದುಗರು ಜಗಳವಾಡತೊಡಗಿದರು. 1879ರಲ್ಲಿ ಒಬ್ಬರು ಪತ್ರ ಬರೆದು ಕವಿಯನ್ನೇ ಕೇಳಿದರು. ಹೆಚ್ಚುಕಡಿಮೆ ಐವತ್ತು ವರ್ಷಗಳ ಹಿಂದೆ ಮನಸ್ಸಿನಲ್ಲಿ ಏನಿತ್ತೆಂದು ನೆನಪಿಟ್ಟುಕೊಳ್ಳುವ ಬಂಧನ ಕವಿಗಿಲ್ಲ ಎಂಬರ್ಥದಲ್ಲಿ ನ್ಯೂಮನ್ ಉತ್ತರಿಸಿದರು. ಪರೀಕ್ಷೆಯಲ್ಲಿ 'ಸಂದರ್ಭ ಸಹಿತ ವಿವರಿಸಿ' ಎಂದು ಕೇಳಿ ನಿಮ್ಮ ಅಂಕ ಕಳೆದ ನನಗೆ, ಕವಿಯೇ ಈ ಪ್ರಶ್ನೆಯಲ್ಲಿ ನಪಾಸಾದದ್ದನ್ನು ಓದಿ ನಗು ಬಂದಿತು.

ಹಾಡು ಮಾತ್ರ ಕವಿಯನ್ನು ಹಿಂದೆ ಬಿಟ್ಟು ಮುಂದೆ ನಡೆದಿತ್ತು. 1909ರಲ್ಲಿ ಇಂಗ್ಲೆಂಡಿನ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ ನೂರಾರು ಮಂದಿ ಸಿಕ್ಕಿಕೊಂಡರು. ನೆಲದೊಳಗಿನ ಕತ್ತಲೆಯಲ್ಲಿ ಬದುಕುಳಿದಿದ್ದ ಒಂದು ಗುಂಪು ಈ ಹಾಡನ್ನೇ ಹಾಡಿತೆಂದು ಹೊರಗೆ ಬಂದವರು ಹೇಳಿದರು. ಅದಕ್ಕೂ ಒಂದು ವರ್ಷ ಮೊದಲು, 1908ರ ಫೆಬ್ರವರಿ 10ರಂದು, ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬೀದಿಯಲ್ಲಿ ಗಾಂಧೀಜಿಯವರ ಮೇಲೆ ಹಲ್ಲೆಯಾಗಿತ್ತು. ರಕ್ತ ಸುರಿಯುತ್ತಿದ್ದ ಅವರನ್ನು ಜೋಸೆಫ್ ಡೋಕ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ತಮ್ಮ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಗಾಯಾಳು ಕೇಳಿದ್ದು ಒಂದು ಹಾಡನ್ನು. ಡೋಕರ ಪುಟ್ಟ ಮಗಳು ಆಲಿವ್ ಬಂದು ಹಾಡಿದಳು, ಇದೇ ಹಾಡನ್ನು. ಮುಂದೆ ಗುಜರಾತಿ ಕವಿ ನರಸಿಂಹರಾವ್ ದಿವೇಟಿಯಾ ಇದನ್ನು ಅನುವಾದಿಸಿದರು. ಆಶ್ರಮದ ಪ್ರಾರ್ಥನೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 1927ರಲ್ಲಿ ಗಾಂಧೀಜಿ ನಮ್ಮ ಸಾಗರಕ್ಕೂ ಬಂದಿದ್ದರು. ಜೊತೆಯವರು ಜೋಗ ನೋಡಲು ಹೋದರೆ ತಾವು ಹೋಗಲಿಲ್ಲವೆಂಬ ಕಥೆಯನ್ನು ನೀವು ಕೇಳಿದ್ದೀರಿ.

ಗಾಂಧೀಜಿ ಸಾಗರಕ್ಕೆ ಬರುವ ಹಿಂದಿನ ವರ್ಷವೇ ಈ ಹಾಡು ಕನ್ನಡದ ಉಡುಗೆ ತೊಟ್ಟು ಪುಸ್ತಕವಾಗಿತ್ತು. ಬಿ.ಎಂ.ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪ್ರಕಟವಾಯಿತು. 1884ರಲ್ಲಿ ಹುಟ್ಟಿದ ಶ್ರೀಯವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಕನ್ನಡ ಕಾವ್ಯ ಪ್ರಾಸದ ಸಂಕೋಲೆ ಕಳಚಿ ಹೊಸ ಹಾದಿ ಹಿಡಿಯಬೇಕೆಂದು ಬಯಸಿದವರು. ಬರ್ನ್ಸ್, ವರ್ಡ್ಸ್‌ವರ್ತ್, ಶೆಲ್ಲಿಯಂಥ ದೊಡ್ಡವರ ನಡುವೆ ಅವರು ಈ ಸಣ್ಣ ಕವಿಗೂ ಜಾಗ ಕೊಟ್ಟು, ಪದ್ಯವನ್ನು 'ಪ್ರಾರ್ಥನೆ' ಎಂದು ಕರೆದರು. ನಮ್ಮ ತೀರ್ಥಹಳ್ಳಿಯ ಕುಪ್ಪಳಿಯಿಂದ ಹೋಗಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಪುಟ್ಟಪ್ಪನವರು ಕನ್ನಡದ ಕುವೆಂಪು ಆಗಿ ಬೆಳೆದದ್ದು ಇದೇ ಕಾಲದ ಮೈಸೂರಿನಲ್ಲಿ.

ಶ್ರೀಯವರ ಅನುವಾದದಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಇಂಗ್ಲಿಷ್ ಪದ್ಯ ಬೆಳಕನ್ನು ಮುಂದೆ ನಡೆಸೆಂದು ಕೇಳುತ್ತದೆ, ಕನ್ನಡದಲ್ಲಿ ಬೆಳಕಿಗೆ ಕೈಯೂ ಬಂದಿದೆ. ಮೂಲದಲ್ಲಿ ದಾರಿ ತೋರುವ ದೀಪ, ನಮ್ಮಲ್ಲಿ ಕೈ ಹಿಡಿಯುವ ಅಮ್ಮ. ಇನ್ನೊಂದು ಅದರ ನಡೆ. ಪದ್ಯ ಐದು ಮಾತ್ರೆಗಳ ಗಣಗಳಲ್ಲಿ ಸಾಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯದೂ ಅದೇ ಐದು ಮಾತ್ರೆಯ ನಡೆ. ಲಾಟೀನಿನ ಬೆಳಕಿನಲ್ಲಿ ಜಗುಲಿಯ ಮೇಲೆ ಅಜ್ಜ ಓದುತ್ತಿದ್ದ ಜೈಮಿನಿ ಭಾರತ ಕಿವಿಯಲ್ಲಿದ್ದ ನಮ್ಮ ಮಲೆನಾಡಿನ ಮಕ್ಕಳಿಗೆ ಈ ಹಾಡು ಒಂದು ದಿನಕ್ಕೂ ಪರಕೀಯವೆನಿಸಲಿಲ್ಲ. ಮಾತು ಇಂಗ್ಲೆಂಡಿನದು, ಹೆಜ್ಜೆ ನಮ್ಮದು.

ಅರ್ಥವೂ ನಮಗೆ ಹೊಸದಲ್ಲ. ಮಳೆಗಾಲದ ರಾತ್ರಿ ತೋಟದ ದಾರಿಯಲ್ಲಿ ದೊಂದಿ ಹಿಡಿದು ನಡೆದವರಿಗೆ, ಬೆಳಕು ಒಂದು ಹೆಜ್ಜೆಗಿಂತ ಹೆಚ್ಚು ತೋರುವುದಿಲ್ಲವೆಂದು ಯಾರೂ ಪಾಠ ಮಾಡಬೇಕಿಲ್ಲ. ಸಾಗರ ಸೀಮೆಯ ಹಿನ್ನೀರಿನ ಊರುಗಳ ಮಕ್ಕಳ ಬಾಯಲ್ಲಿ ಹಾಡಿಗೆ ಇನ್ನೊಂದು ಅರ್ಥವೂ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಗದ್ದೆ, ತೋಟ, ಮನೆಗಳನ್ನು ನುಂಗಿತು. ನಾಡಿಗೆಲ್ಲ ವಿದ್ಯುತ್ತಿನ ಬೆಳಕು ಹರಿಯಿತು. ಊರು ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಮಾತ್ರ ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಆ ಬುಡ್ಡಿಯಲ್ಲಿ ಓದಿ, ಲಾಂಚಿನಲ್ಲಿ ಹಿನ್ನೀರು ದಾಟಿ, ಪ್ರಾರ್ಥನೆಗೆ ಸಾಲು ನಿಂತು, ಬೆಳಕನ್ನು ಬಾ ಎಂದು ಕರೆಯುತ್ತಿದ್ದ ಮಕ್ಕಳ ಮುಂದೆ ನಾನು ನಿಂತಿದ್ದೆ. ಆ ವ್ಯಂಗ್ಯ ಆಗ ನನಗೆ ಹೊಳೆಯಲಿಲ್ಲ. ನಾನು ಬಿರುಗಾಳಿಯ ಕಥೆ ಹೇಳುವುದರಲ್ಲಿ ಮಗ್ನನಾಗಿದ್ದೆ.

ಆ ಮಕ್ಕಳಲ್ಲೊಬ್ಬ ಹುಡುಗನನ್ನು ನೆನೆದೇ ನಾನು ಆ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತದ್ದು. ಹೆಸರು ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ನಪಾಸಾದ. ಮನೆಯಲ್ಲಿಯೇ ಉಳಿದ. ಒಂದು ದಿನ ಪೇಟೆಯಲ್ಲಿ ಸಿಕ್ಕಿದಾಗ ಧೈರ್ಯ ಹೇಳೋಣವೆಂದು, ಬಿರುಗಾಳಿಯ ಕಥೆ ನೆನಪಿದೆಯಲ್ಲವೇನೋ, ಎಂಥ ಬಿರುಗಾಳಿಯೂ ನಿಲ್ಲುತ್ತದೆ ಎಂದೆ. ಅವನು ತಲೆ ತಗ್ಗಿಸಿ, "ನನಗೆ ಬಿರುಗಾಳಿ ಏನೂ ಇಲ್ಲ ಸಾರ್. ಬೈಯುವವರೂ ಇಲ್ಲ, ಹೊಡೆಯುವವರೂ ಇಲ್ಲ. ಸುಮ್ಮನೆ ನಿಂತುಬಿಟ್ಟಿದ್ದೇನೆ, ಅಷ್ಟೇ" ಎಂದ. ನನಗೆ ಉತ್ತರ ತೋಚಲಿಲ್ಲ. ಬೆನ್ನು ತಟ್ಟಿ ಬಸ್ಸು ಹತ್ತಿದೆ.

ಉತ್ತರ ಆ ಹಾಡಿನಲ್ಲೇ ಇತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ. ಆ ಹಾಡನ್ನು ಬರೆದವನೂ ಸುಮ್ಮನೆ ನಿಂತುಬಿಟ್ಟವನೇ, ಅವನೂ ಒಮ್ಮೆ ಪರೀಕ್ಷೆಯಲ್ಲಿ ಸೋತವನೇ, ಜ್ವರದಿಂದೆದ್ದು ಹಡಗಿಗಾಗಿ ಮೂರು ವಾರ, ಗಾಳಿಗಾಗಿ ಒಂದು ವಾರ ಕಾದವನೇ ಎಂದು ನಾನು ಹೇಳಬಹುದಾಗಿತ್ತು. ಗಾಳಿ ಮತ್ತೆ ಬೀಸಿದಾಗಲೂ ಅವನಿಗೆ ಇಡೀ ದಾರಿ ಕಾಣಲಿಲ್ಲ. ಮುಂದಿನ ಹನ್ನೆರಡು ವರ್ಷ ಹೆಜ್ಜೆ ಹೆಜ್ಜೆಗೂ ತಡವರಿಸಿಯೇ ನಡೆದ ಎಂದೂ ಹೇಳಬಹುದಾಗಿತ್ತು. ಅಷ್ಟರಿಂದ ಆ ಹುಡುಗ ಗಣಿತದಲ್ಲಿ ಪಾಸಾಗುತ್ತಿದ್ದನೆಂದು ನಾನು ಹೇಳಲಾರೆ. ತನ್ನಂಥವನು ಇನ್ನೊಬ್ಬನಿದ್ದನೆಂದಾದರೂ ಅವನಿಗೆ ತಿಳಿಯುತ್ತಿತ್ತು.

ನಮ್ಮಲ್ಲಿ ಈ ಪ್ರಾರ್ಥನೆಯ ಜೊತೆ ಶ್ರೀಯವರ ಹೆಸರು ಉಳಿದಿದೆ, ನ್ಯೂಮನ್ನರ ಹೆಸರು ಬಹುಮಟ್ಟಿಗೆ ಅಳಿದಿದೆ. ಇದರಲ್ಲಿ ಶ್ರೀಯವರ ತಪ್ಪಿಲ್ಲ, ಇವು ಇಂಗ್ಲಿಷ್ ಗೀತೆಗಳೆಂದು ಅವರು ಪುಸ್ತಕದ ಹೆಸರಿನಲ್ಲಿಯೇ ಸಾರಿದ್ದಾರೆ. ಹಾಡು ಜನರದಾಗಿಬಿಟ್ಟ ಮೇಲೆ ಕವಿಯ ಹೆಸರು ಏಕೆ ಬೇಕೆಂದು ಕೆಲವರು ಕೇಳುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದವನು. ಈಗ ಹಾಗೆ ಅನ್ನಿಸುವುದಿಲ್ಲ. ಬರೆದವನ ಬದುಕನ್ನು ಮರೆತಾಗ ಆ ಖಾಲಿ ಜಾಗದಲ್ಲಿ ನನ್ನಂಥವನೊಬ್ಬ ಒಂದು ಬಿರುಗಾಳಿಯನ್ನು ತಂದು ಕೂರಿಸುತ್ತಾನೆ. ಕಥೆ ರೋಚಕವಾಗುತ್ತದೆ, ಹಾಡು ಬಡವಾಗುತ್ತದೆ.

ನಿಮ್ಮಲ್ಲಿ ಎಷ್ಟೋ ಮಂದಿ ಈಗ ಅಪ್ಪ ಅಮ್ಮಂದಿರು, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಮಕ್ಕಳಿಗೆ ಈ ಹಾಡನ್ನು ಕಲಿಸುವಾಗ ನನ್ನ ಬಿರುಗಾಳಿಯನ್ನು ಬಿಟ್ಟುಬಿಡಿ. ಕಿತ್ತಳೆಹಣ್ಣಿನ ಹಡಗನ್ನೂ, ಜೋತುಬಿದ್ದ ಹಾಯಿಯನ್ನೂ, ಮೂವತ್ತೆರಡರ ಆ ನಿತ್ರಾಣ ಪಾದ್ರಿಯನ್ನೂ ಹೇಳಿ. ಹಿನ್ನೀರಿನಾಚೆಯ ಆ ಹುಡುಗನ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ಅವನಿಗೂ ತಿಳಿಸಿ. ಮೇಷ್ಟ್ರು ಉತ್ತರ ಕೊಡಲು ಬಹಳ ತಡ ಮಾಡಿದರೆಂದು ಅವನು ಬೈದರೆ ಅದು ನ್ಯಾಯವೇ.